ಮುನ್ನೂರ ನಲವತ್ತು ಜೋಡಿ

ಅವಳಿಗೆ ಮನುಷ್ಯರ ಮುಖ ನೆನಪಿರುತ್ತಿರಲಿಲ್ಲ, ಚಪ್ಪಲಿ ನೆನಪಿರುತ್ತಿತ್ತು. ಬೀದಿಯಲ್ಲಿ ಯಾರಾದರೂ "ಏನಕ್ಕ, ಚೆನ್ನಾಗಿದ್ದೀಯಾ?" ಅಂತ ನಿಂತರೆ ಮೊದಲು ಕೆಳಗೆ ನೋಡುತ್ತಿದ್ದಳು, ಆಮೇಲೆ ಮೇಲೆ. "ಓ, ನೀವಾ! ಎಡಗಾಲಿನ ಪಟ್ಟಿ ಹೊಲಿಸ್ಕೊಂಡ್ರಲ್ಲ, ಸದ್ಯ. ಇನ್ನೆರಡು ದಿನ ಬಿಟ್ಟಿದ್ರೆ ಮೆಟ್ಟಿಲ ಮೇಲೆ ಮುಗ್ಗರಿಸ್ತಿದ್ರಿ" ಅನ್ನುತ್ತಿದ್ದಳು. ಮಾತಾಡಿಸಿದವರು ನಕ್ಕು ಮುಂದೆ ಹೋಗುತ್ತಿದ್ದರು. ಇವಳು ನಗುತ್ತಿರಲಿಲ್ಲ.

ನಮ್ಮ ಬೀದಿಯ ಮೇಲಿನ ತುದಿಯಲ್ಲಿ ಪ್ರಾರ್ಥನಾ ಭವನ ಇದೆ. ಅದರ ಅಂಗಳದ ಮೂಲೆಯಲ್ಲಿ ಒಂದು ಸಣ್ಣ ಕೋಣೆ, ಮೂರು ಗೋಡೆಗೂ ಮರದ ಗೂಡುಗಳು, ಮುಂದೆ ಎಳೆದರೆ ಕೆಳಗಿಳಿಯುವ ಕಬ್ಬಿಣದ ಶಟರ್. ಅಲ್ಲಿ ಕೂತು ಅವಳು ಬಂದವರ ಚಪ್ಪಲಿ ಕಾಯುತ್ತಾಳೆ. ಇಪ್ಪತ್ತಾರು ವರ್ಷವಾಯಿತು. ತಗಡಿನ ಬಿಲ್ಲೆಗಳಿವೆ, ಒಂದರಿಂದ ನಾಲ್ಕು ನೂರರವರೆಗೆ. ನಿಯಮ ಅಂತ ಕೊಡುತ್ತಾಳೆಯೇ ಹೊರತು ಅವಳಿಗೆ ಬೇಕಾಗಿಲ್ಲ. ಯಾವ ಜೋಡಿ ಯಾರದು ಎಂದು ಒಂದು ಸಲ ನೋಡಿದರೆ ಸಾಕು. ಅದಕ್ಕೇ ಎಲ್ಲರೂ ಅವಳನ್ನು ಜೋಡಿಯಕ್ಕ ಎನ್ನುತ್ತಾರೆ.

ಅವಳು ದೇವರಂಥವಳು ಎಂದು ಹೇಳಲು ನಾನು ಹೊರಟಿಲ್ಲ. ಅಂಥ ಮಾತು ಬೇಕಿದ್ದರೆ ಭವನದವರ ಪುಸ್ತಕ ಓದಿಕೊಳ್ಳಿ. ಇವಳು ಹಗೆ ಇಟ್ಟುಕೊಳ್ಳುವವಳು. ಒಮ್ಮೆ ಒಬ್ಬ ದೊಡ್ಡ ಮನುಷ್ಯ "ಏಯ್, ಬಾರೇ ಇಲ್ಲಿ" ಎಂದು ಕರೆದು ಬೂಟು ಎಸೆದಿದ್ದ. ಅವತ್ತಿನಿಂದ ಮೂರು ವರ್ಷ, ವಾರ ತಪ್ಪದೆ, ಅವನ ಬೂಟು ಬಿಸಿಲು ಬೀಳುವ ಗೂಡಿಗೇ ಹೋಗುತ್ತಿತ್ತು. ಮೂರು ವರ್ಷದಲ್ಲಿ ಆ ಚರ್ಮ ಹಪ್ಪಳದ ಹಾಗೆ ಬಿರಿಯಿತು. ಅವನಿಗೆ ಗೊತ್ತೇ ಆಗಲಿಲ್ಲ. "ಗೊತ್ತಾಗ್ಬೇಕು ಅಂತ ಮಾಡಿದ್ದಲ್ಲ ಕಣೇ, ನನ್ನ ಹೊಟ್ಟೆ ತಣ್ಣಗಾಗ್ಲಿ ಅಂತ ಮಾಡಿದ್ದು" ಅಂದಿದ್ದಳು ನನಗೆ.

ಅವಳ ಗಂಡ, ನಾನು ಭಾವ ಎನ್ನುತ್ತಿದ್ದೆ, ಕೈಗಾಡಿ ತಳ್ಳುವವನು. ಅಕ್ಕಿ ಮೂಟೆ, ಬೀರು, ಮುರಿದ ಮಂಚ, ಏನು ಕೊಟ್ಟರೂ ಸಾಗಿಸುತ್ತಿದ್ದ. ಎಂಥ ಪಾಪದ ಮನುಷ್ಯ ಅಂದರೆ, ಬೈಕಿನವನೇ ಬಂದು ಗಾಡಿಗೆ ಗುದ್ದಿದರೂ "ತಪ್ಪಾಯ್ತು ಸ್ವಾಮಿ" ಅನ್ನುವವನು ಇವನು. ಜೋಡಿಯಕ್ಕ ಅದಕ್ಕೆ ಹಣೆ ಚಚ್ಚಿಕೊಳ್ಳುತ್ತಿದ್ದಳು. "ಈ ಮನುಷ್ಯನ ಪಾಲಿನ ಸಿಟ್ಟೂ ನಾನೇ ಮಾಡ್ಬೇಕು, ಎರಡಾಳಿನ ಕೆಲಸ" ಅಂತ ಗೊಣಗುತ್ತಿದ್ದಳು. ಅವರಿಗೆ ಮಕ್ಕಳಿರಲಿಲ್ಲ. ಪಕ್ಕದ ಮನೆ ನಮ್ಮದು. ನಮ್ಮಮ್ಮ ಹಿಟ್ಟಿನ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದಳು, ಸಂಜೆ ಮನೆಗೆ ಬರುವಾಗ ಹುಬ್ಬು ರೆಪ್ಪೆ ಎಲ್ಲ ಬೆಳ್ಳಗಿರುತ್ತಿದ್ದವು. ಅಪ್ಪ ನಾನು ಹುಟ್ಟುವ ಮೊದಲೇ ಯಾವುದೋ ಊರಿಗೆ ಹೋದವನು ಅಲ್ಲೇ ಸುಖವಾಗಿದ್ದಾನಂತೆ. ಇರಲಿ.

ಇನ್ನು ಮೈಕಪ್ಪ. ಭವನದ ಸೇವಾ ಮಂಡಳಿಗೆ ಅವನು ಕಾರ್ಯದರ್ಶಿ. ನಾಲ್ಕು ಜನ ಎದುರಿಗಿದ್ದರೂ ಮೈಕು ಬೇಕು ಅವನಿಗೆ. "ಚಪ್ಪಲಿ ಬಿಡಿ. ನಲ್ಲಿಯಲ್ಲಿ ಕಾಲು ತೊಳೆಯಿರಿ. ಸಾಲಾಗಿ ಬನ್ನಿ." ದಿನಕ್ಕೆ ನೂರು ಸಲ. ತಪ್ಪಿದವರ ಮಾನವನ್ನು ಅಂಗಿಯ ಬಣ್ಣ ಹೇಳಿ ಮೈಕಿನಲ್ಲೇ ಕಳೆಯುತ್ತಿದ್ದ. "ಹಸಿರು ಅಂಗಿ, ಹಸಿರು ಅಂಗಿ, ಹಿಮ್ಮಡಿ ತೊಳೀಲಿಲ್ಲ ನೀವು." ನಾವು ಚಿಕ್ಕ ಮಕ್ಕಳಾಗಿದ್ದಾಗ ಮನೆಯಲ್ಲೂ ಹಾಗೇ ಆಟವಾಡುತ್ತಿದ್ದೆವು. ಬೀದಿಯವರ ಕಾಲಿಗೇ ಆ ಮಾತು ಇಳಿದುಹೋಗಿತ್ತು, ತಲೆಗೆ ಕೇಳಬೇಕಾಗಿರಲಿಲ್ಲ.

ಆ ವರ್ಷ ಮೂರು ದಿನ ಬಿಡದೆ ಮಳೆ ಹೊಡೆಯಿತು. ನಾಲ್ಕನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಮಳೆ ನಿಂತಿತ್ತು, ಎಲ್ಲರೂ ಉಸಿರು ಬಿಟ್ಟಿದ್ದರು. ಆಗ ದೊಡ್ಡ ಮೋರಿ ಒಡೆಯಿತು. ನಾನು ಹದಿನೇಳರವಳು, ಸೇತುವೆಯಾಚೆ ಬಟ್ಟೆ ಕಾರ್ಖಾನೆಯಲ್ಲಿ ಕಾಲರು ತಿರುವಿ ಹಾಕುತ್ತ ಕೂತಿದ್ದೆ. ಜೋಡಿಯಕ್ಕ ಹಲ್ಲು ಕೀಳಿಸಿಕೊಳ್ಳಲು ಆಸ್ಪತ್ರೆಗೆ ಹೋಗಿದ್ದಳು. ಮಳೆಗೆ ಗಾಡಿಗೆ ಕೆಲಸವಿಲ್ಲದೆ ಕೂತಿದ್ದ ಭಾವ ಅವಳ ಬದಲಿಗೆ ಚಪ್ಪಲಿ ಕೋಣೆಯಲ್ಲಿದ್ದ.

ನೀರು ಬೀದಿಗೆ ನುಗ್ಗಿದಾಗ ಜನ ಓಡಿದ್ದು ಭವನಕ್ಕೆ. ನಮ್ಮ ಕಡೆ ಎತ್ತರದ ಜಗಲಿ ಇರುವುದು ಅದಕ್ಕೊಂದಕ್ಕೇ, ಅದರ ಅಂಗಳಕ್ಕೂ ನೀರು ಬಂದಿತ್ತು. ಹಿಂದಿನ ವಾರವಷ್ಟೇ ದಾನಿಗಳು ಒಳಗೆ ಕೆಂಪು ಜಮಖಾನ ಹಾಸಿಸಿದ್ದರು. ಮೈಕಪ್ಪ ಜಗಲಿಯ ಮೇಲೆ ನಿಂತು ಮೈಕು ಹಿಡಿದ. "ಯಾರೂ ಗಾಬರಿ ಆಗಬೇಡಿ. ಎಲ್ಲರಿಗೂ ಜಾಗ ಇದೆ. ಚಪ್ಪಲಿ ಬಿಡಿ. ಕಾಲು ತೊಳೆಯಿರಿ. ಸಾಲಾಗಿ ಬನ್ನಿ." ಅಯ್ಯೋ ನಮ್ಮ ಜನವೇ! ಮೊಣಕಾಲುದ್ದ ಕೆಸರು ನೀರಿನಲ್ಲಿ ನಿಂತು ಬಗ್ಗಿ, ನೀರಿನೊಳಗೆ ಕೈಯಾಡಿಸಿ ಚಪ್ಪಲಿ ಬಕಲು ಬಿಚ್ಚಿದರು. ಬಿಚ್ಚಿ, ಒಂದೇ ಒಂದು ನಲ್ಲಿಯ ಮುಂದೆ ಸಾಲು ನಿಂತರು, ಕಾಲು ತೊಳೆಯಲು! ಮೇಲಿಂದ ತೊಳೆದರೆ ಕೆಳಗೆ ಮತ್ತೆ ಕೆಸರು. ಬೇರೆ ಯಾರು ಹೇಳಿದ್ದರೂ ನಾನು ನಂಬುತ್ತಿರಲಿಲ್ಲ, ಬದುಕಿ ಉಳಿದವರೇ ಹೇಳಿದರು. ಹೇಳುವಾಗ ತಮ್ಮ ಬಗ್ಗೆ ತಮಗೇ ನಾಚಿಕೆಯಾಗಿ ನೆಲ ನೋಡುತ್ತಿದ್ದರು.

ಎಂಬತ್ತಕ್ಕೂ ಹೆಚ್ಚು ಜನ ಒಳಗೆ ಹೋದರು. ಸಾಲಿನ ಬಾಲ ಇನ್ನೂ ಅಂಗಳದಲ್ಲಿರುವಾಗ ಮೋರಿ ಕಡೆಯ ಕಾಂಪೌಂಡ್ ಗೋಡೆ ಬಿತ್ತು. ಗೋಡೆಯಡಿ ಮೂವರು. ಭಾವ. ಮೂಲೆಯ ಕಟಿಂಗ್ ಶಾಪಿನವನ ಮುದಿ ತಂದೆ. ನಮ್ಮಮ್ಮ.

ಸೇವಾ ಮಂಡಳಿ ಕೈಕಟ್ಟಿ ಕೂತಿರಲಿಲ್ಲ ಎಂಬುದನ್ನೂ ಹೇಳಬೇಕು, ನನಗೆ ಇಷ್ಟವಿಲ್ಲದಿದ್ದರೂ. ಅದೇ ಸಂಜೆ ಊಟದ ಪೊಟ್ಟಣ ಬಂತು. ಬೇರೆ ಊರುಗಳ ಭವನಗಳಿಂದ ಹುಡುಗ ಹುಡುಗಿಯರು ಬಂದು ನಮ್ಮ ಮನೆಗಳ ಕೆಸರನ್ನು ಬರಿಗೈಯಲ್ಲಿ ಬಾಚಿದರು. ಅವರಲ್ಲಿ ಒಬ್ಬಳು ನನ್ನ ತಲೆ ಬಾಚಿ ಜಡೆ ಹಾಕಿದಳು, ಅವಳ ಹೊಟ್ಟೆ ತಣ್ಣಗಿರಲಿ. ಆದರೆ ಮೈಕಪ್ಪನ ಕೈಗೆ ಬಂದದ್ದೆಲ್ಲ ಸಾಲಾಗುತ್ತಿತ್ತು. ಪೊಟ್ಟಣಕ್ಕೆ ಸಾಲು, ಅದಕ್ಕೆ ಮೊದಲು ಹಾಡು, ಹಾಡಿನ ಮೊದಲು ಕೈ ತೊಳೆಯುವುದು. ಪೊಟ್ಟಣ ಎದೆಗವಚಿಕೊಂಡು ಫೋಟೋ. "ಸ್ವಲ್ಪ ನಗಿ" ಅಂದ ಫೋಟೋದವನು ನನಗೆ. ಅಮ್ಮ ಹೋಗಿ ಎರಡು ದಿನವಾಗಿತ್ತು. ನಾನು ಅವನ ಮುಖಕ್ಕೆ ಪೊಟ್ಟಣ ಎಸೆದೆ. ಅದು ಹೋದದ್ದು ಅವನ ಹಿಂದಿದ್ದ ಮೈಕಪ್ಪನ ಬಿಳಿ ಶಾಲಿಗೆ, ಅಷ್ಟಾದರೂ ಆಯಿತಲ್ಲ ಎಂದು ಇವತ್ತಿಗೂ ಖುಷಿ.

ಏಳನೆಯ ದಿನ ದಾನದ ಚಪ್ಪಲಿಗಳ ಮೂಟೆಗಳು ಬಂದವು. ಯಾವ ಪುಣ್ಯಾತ್ಮರು ತುಂಬಿದ್ದರೋ, ಒಂದಕ್ಕೂ ಜೋಡಿ ಕಟ್ಟಿರಲಿಲ್ಲ. ಎಡದ್ದು ಒಂದು ಮೂಟೆಯಲ್ಲಿ, ಬಲದ್ದು ಇನ್ನೊಂದರಲ್ಲಿ. ಅದರಲ್ಲಿ ಗೇಣೆತ್ತರದ ಹಿಮ್ಮಡಿಯವು ಬೇರೆ. ಕೆಸರಿನಲ್ಲಿ ಕುಣಿಯೋಣ ಎಂದೋ ಏನೋ. ಮಂಡಳಿಯವರು ತಲೆ ಮೇಲೆ ಕೈ ಹೊತ್ತು ಕೂತರು. ಗಂಡ ಸತ್ತು ಏಳು ದಿನವಾದ ಜೋಡಿಯಕ್ಕ ಎದ್ದು ಬಂದಳು, ಹಲ್ಲು ಕಿತ್ತ ಕೆನ್ನೆ ಇನ್ನೂ ಊದಿತ್ತು. ಬೆಳಿಗ್ಗೆ ಕೂತವಳು ಸಂಜೆಗೆ ಆರು ನೂರು ಜೋಡಿ ಮಾಡಿಟ್ಟಳು. ಕೊನೆಗೆ ಜೋಡಿಯಿಲ್ಲದೆ ಉಳಿದ ಹನ್ನೊಂದನ್ನು ಎತ್ತಿ ಮೈಕಪ್ಪನ ಮೇಜಿನ ಮೇಲಿಟ್ಟು ಹೋದಳು. ಮರುದಿನದಿಂದ ನನ್ನ ಊಟ, ನಿದ್ದೆ ಎಲ್ಲ ಅವಳ ಮನೆಯಲ್ಲೇ ಆಯಿತು. ಬಾ ಅಂತ ಕರೆಯಲಿಲ್ಲ ಅವಳು. ಎರಡು ತಟ್ಟೆ ಇಟ್ಟಳು, ನಾನು ಕೂತೆ.

ಆರು ತಿಂಗಳಿಗೆ ಮಂಡಳಿ ಒಂದು ಸ್ಮರಣ ಸಂಚಿಕೆ ತಂದಿತು. ನುಣುಪು ಕಾಗದ, ಬಣ್ಣದ ಚಿತ್ರಗಳು. ಜೋಡಿಯಕ್ಕನಿಗೆ ಓದಲು ಬಾರದು, ನಾನೇ ಓದಿದೆ. ಹನ್ನೆರಡನೆಯ ಪುಟದಲ್ಲಿ ಮೈಕಪ್ಪ ಬರೆದಿದ್ದ: ಭವನದ ಬಾಗಿಲು ಎಲ್ಲರಿಗೂ ತೆರೆದಿತ್ತು, ಜನ ಶಿಸ್ತಿನಿಂದ ಬರುತ್ತಿದ್ದರು, ಆದರೆ ಚಪ್ಪಲಿ ಕಾಯುವವಳ ಗಂಡ ತಾನು ಮೊದಲು ಒಳಗೆ ಹೋಗುವ ಅವಸರದಲ್ಲಿ ಹಿಂದಿನವರನ್ನು ಗೋಡೆಯತ್ತ ತಳ್ಳಿದ್ದರಿಂದ ಈ ದುರಂತವಾಯಿತು. ಅವಳು "ಇನ್ನೊಂದ್ಸಲ ಓದು" ಅಂದಳು. ಮೂರು ಸಲ ಓದಿಸಿದಳು. ಆಮೇಲೆ ಎದ್ದು ಒಲೆಗೆ ಎಸರಿಟ್ಟಳು.

ಗಾಡಿ ತಳ್ಳಿದ್ದು ಬಿಟ್ಟರೆ ಹುಟ್ಟಿದಾಗಿನಿಂದ ಏನನ್ನೂ ತಳ್ಳದ ಮನುಷ್ಯನ ತಲೆ ಮೇಲೆ ಗೂಬೆ ಕೂರಿಸಿದ್ದ. ಅಲ್ಲ ಎನ್ನುವವರು ಯಾರು? ಸಾಲಿನಲ್ಲಿದ್ದವರ ಮುಖವೆಲ್ಲ ನಲ್ಲಿಯ ಕಡೆಗಿತ್ತು, ಬೆನ್ನು ಗೋಡೆಗೆ. ಎದುರಿನಿಂದ ನೋಡಿದವನು ಜಗಲಿಯ ಮೇಲಿದ್ದ ಮೈಕಪ್ಪ ಒಬ್ಬನೇ. ಅಷ್ಟು ಹೊತ್ತಿಗೆ ಮಂಡಳಿ ಬೀದಿಯವರಿಗೆ ಹೊಸ ಕೋಣೆಗಳನ್ನು ಕಟ್ಟಿಸುತ್ತಿತ್ತು, ಗೋಡೆ ಏಳುತ್ತಿತ್ತು, ಮೇಲೆ ಮಾಡು ಬರುವುದಿತ್ತು. ಮಾಡು ಕಟ್ಟುವವನ ಮಾತನ್ನು ಯಾರು ಸುಳ್ಳು ಎಂದಾರು? ಕಟಿಂಗ್ ಶಾಪಿನವನು ಕತ್ತರಿ ಹಿಡಿದುಕೊಂಡೇ ಹೊರಗೆ ಬಂದು ಅಂದ, "ನಿನ್ನ ಗಂಡನ ಅವಸರಕ್ಕೆ ನಮ್ಮಪ್ಪ ಹೋದ. ಇನ್ಮೇಲೆ ನನ್ನ ಅಂಗಡಿ ಮುಂದೆ ಹಾಯ್ಬೇಡ." ಅವಳು ಸುತ್ತು ಹಾಕಿ ಹಿಂದಿನ ದಾರಿಯಲ್ಲಿ ಓಡಾಡಿದಳು, ಆರು ವರ್ಷ.

ಒಮ್ಮೆ ಮೈಕಪ್ಪನನ್ನೇ ಕೇಳಿದಳು. ನಾನೂ ಜೊತೆಗಿದ್ದೆ.

"ಅಣ್ಣಾ, ನಮ್ಮೋನು ತಳ್ಳಿದ್ದನ್ನ ನೀವು ಕಣ್ಣಾರೆ ನೋಡಿದ್ರಾ?"

"ಹೋದೋರ ವಿಷ್ಯ ಯಾಕಮ್ಮಾ ಕೆದಕ್ತೀಯ? ಅವನ ಆತ್ಮಕ್ಕೆ ಶಾಂತಿ ಸಿಗ್ಲಿ ಅಂತ ಪ್ರಾರ್ಥನೆ ಮಾಡು. ನಾವೂ ಮಾಡ್ತಾ ಇದೀವಿ."

"ನೋಡಿದ್ರಾ, ಇಲ್ವಾ?"

"ಕ್ಷಮಿಸಿದೀವಿ ಕಣಮ್ಮಾ ಅವನನ್ನ. ಎಲ್ಲರೂ ಕ್ಷಮಿಸಿದೀವಿ" ಅಂದು ಬೆಣ್ಣೆಯಂಥ ನಗು ನಕ್ಕ.

ಹೊರಗೆ ಬಂದು ಅವಳು ಗೇಟಿನ ಬಳಿ ನಿಂತಳು. "ಕ್ಷಮಿಸಿದಾನಂತೆ! ನೋಡ್ತಿರು. ಅದೇ ಮೈಕಲ್ಲಿ, ಇಡೀ ಬೀದಿ ಮುಂದೆ, ಇವನ ಬಾಯಿಂದಾನೇ ಬರ್ಬೇಕು. ನನ್ನ ಗಂಡ ತಳ್ಳಲಿಲ್ಲ ಅಂತ. ಬರಿಸ್ದೆ ಇದ್ರೆ ಕೇಳು." ನಾನು "ಆ ಕೆಲಸ ಬಿಟ್ಬಿಡಕ್ಕ, ಅವರ ಹಂಗು ಯಾಕೆ" ಅಂದೆ. "ಬಿಟ್ರೆ ಕೆಟ್ಟೆ. ದೂರ ಹೋದ್ರೆ ಸಿಟ್ಟು ಹಳಸಿಹೋಗತ್ತೆ. ದಿನಾ ಅವನ ಚಪ್ಪಲಿ ಮುಟ್ತಾ ಇರ್ಬೇಕು ನಾನು" ಅಂದಳು. ನನಗೂ ಅದು ಸರಿ ಎನಿಸಿತು. ನನ್ನ ಅಮ್ಮನನ್ನು ನೀರಿನಲ್ಲಿ ಸಾಲು ನಿಲ್ಲಿಸಿದವನು ಅವನು. ಅವಳ ಸೇಡಿನಲ್ಲಿ ಅರ್ಧ ನನ್ನದೂ ಇತ್ತು, ಇಬ್ಬರೂ ಕೂತು ದಿನಾ ಊಟದ ಹೊತ್ತಿಗೆ ಅದನ್ನು ಸಾಕಿದೆವು. ಅವನು ಮೈಕು ಹಿಡಿದಾಗ ಸಿಡಿಲು ಬೀಳಲಿ, ಅವನ ನಾಲಿಗೆ ಬಿದ್ದುಹೋಗಲಿ ಎಂದು ಒಂದೊಂದು ತುತ್ತಿಗೂ ಒಂದೊಂದು ಶಾಪ. ನಿಜ ಹೇಳಬೇಕೆಂದರೆ, ಅಮ್ಮ ಹೋದ ಮೇಲೆ ನನಗೆ ಊಟ ಸೇರಿದ್ದು ಆ ಬೈಗುಳದ ಜೊತೆಗೇ.

ಆರು ವರ್ಷ ಕಳೆದ ಮೇಲೆ ಬೇಸಗೆಯಲ್ಲಿ ಮಂಡಳಿಯವರು ಸೇವಾ ದಿನ ಮಾಡಿದರು. ಹೊಸ ಕೋಣೆಗಳ ಕೊನೆಯ ಸಾಲನ್ನು ಹಂಚುವ ಕಾರ್ಯಕ್ರಮ. ಎಲ್ಲೆಲ್ಲಿಂದಲೋ ದಾನಿಗಳು ಬಂದರು, ಕಾರುಗಳು ಕೆಳಗಿನ ರಸ್ತೆಯುದ್ದಕ್ಕೂ ನಿಂತವು. ನಮ್ಮ ಬೀದಿಯವರನ್ನು ಹಾಡಲು, ತೋರಿಸಲು ಹಿಂದಿನ ಸಾಲುಗಳಲ್ಲಿ ಕೂರಿಸಿದರು. ನಾನು ಕಾರ್ಖಾನೆಗೆ ರಜೆ ಹಾಕಿ ಜೋಡಿಯಕ್ಕನಿಗೆ ಕೈಜೋಡಿಸಲು ಹೋದೆ. ಮುನ್ನೂರ ನಲವತ್ತು ಜೋಡಿ ಇಳಿಸಿಕೊಂಡೆವು. ಬಂದೋಬಸ್ತಿಗೆ ಬಂದ ಪೊಲೀಸಿನವನ ಬೂಟೂ ಒಳಗೆ ಬಂತು, ಮೈಕಪ್ಪನ ಕಂದು ಚಪ್ಪಲಿಯೂ ಬಂತು. ಅದನ್ನು ಅವಳು ಎರಡು ಬೆರಳಲ್ಲಿ ಹಿಡಿದು ಮೇಲಿನ ಗೂಡಿಗಿಟ್ಟಳು.

ಒಳಗೆ ಭಾಷಣ ನಡೆಯುತ್ತಿತ್ತು. ಬಿಸಿಲು ನೆತ್ತಿಗೆ ಬಂದಾಗ ಅವಳು ಎದ್ದು ಅಂಗಳದ ಕಲ್ಲುಹಾಸಿನ ಮೇಲೆ ಬರಿಗಾಲಿಟ್ಟು ನೋಡಿದಳು. ತಕ್ಷಣ ತೆಗೆದಳು. "ಆಯ್ತು, ಬೆಂದಿದೆ" ಅಂದಳು. ಒಲೆ ಮುಂದೆ ಅನ್ನ ಹಿಸುಕಿ ನೋಡಿ ಹೇಳುವ ಧಾಟಿಯಲ್ಲಿ. ಆಮೇಲೆ ಶಟರ್ ಎಳೆದು ಬೀಗ ಹಾಕಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿ, ಅದರ ಮುಂದೆ ಸ್ಟೂಲು ಹಾಕಿಕೊಂಡು ಕೂತಳು. ನನಗೆ ಮೊದಲೇ ಹೇಳಿರಲಿಲ್ಲ. ನನಗೆ ಇಷ್ಟಗಲ ನಗು ಬಂತು.

ಸಭೆ ಮುಗಿದು ಜನ ಹೊರಬಂದರು. ಬಿಲ್ಲೆ ಚಾಚಿದರು. ಅವಳು ಬಿಲ್ಲೆ ತೆಗೆದುಕೊಂಡು ಮಡಿಲಿಗೆ ಹಾಕಿಕೊಂಡಳು, ಚಪ್ಪಲಿ ಕೊಡಲಿಲ್ಲ.

"ಸಾಲಾಗಿ ನಿಂತ್ಕೊಳ್ಳಿ" ಅಂದಳು.

ನಿಂತರು ಪಾಪ. ಒಂದು ನಿಮಿಷದಲ್ಲಿ ಒಂಟಿಕಾಲಿನ ಕುಣಿತ ಶುರುವಾಯಿತು. ರೇಷ್ಮೆ ಸೀರೆಯವರು, ಕೋಟಿನವರು, ಎಲ್ಲ ಎಡಗಾಲು ಬಲಗಾಲು ಎಂದು ಬದಲಾಯಿಸುತ್ತಿದ್ದಾರೆ. ಜಗಲಿಯ ನೆರಳಿನಲ್ಲಿ ಜಾಗವಿಲ್ಲ, ಹಿಂದಿನವರು ಊಟದ ಅವಸರಕ್ಕೆ ನೂಕುತ್ತಿದ್ದಾರೆ. "ಏನಾಯ್ತಮ್ಮಾ, ಬೀಗ ಕೆಟ್ಟಿದೆಯಾ?" ಎಂದು ಕೇಳಿದರು. "ಬೀಗ ನೆಟ್ಟಗಿದೆ" ಅಂದಳು. ಪೊಲೀಸಿನವನು ಗದರಿಸಲು ಬಂದ. ಬೂಟಿಲ್ಲದ ಪೊಲೀಸಿನವನನ್ನು ಕಂಡು ನಮ್ಮ ಬೀದಿಯ ಹೆಂಗಸರು ಕಿಸಕ್ಕನೆ ನಕ್ಕರು, ಅವನು ನೆರಳಿಗೆ ಓಡಿದ.

ಮೈಕಪ್ಪ ಧಾವಿಸಿ ಬಂದ. ಅವನ ಮುಖ ಕೆಂಪಗಾಗಿತ್ತು. "ಏನಿದು ನಾಟಕ? ತೆಗಿ ಬೀಗ!"

"ತೆಗೀತೀನಣ್ಣ. ಒಂದು ಮಾತು ಮೈಕಲ್ಲಿ ಹೇಳ್ಬೇಕು ನೀವು. ಆವತ್ತು ಏನಾಯ್ತು ಅಂತ. ನಮ್ಮೋನು ತಳ್ಳಿದ್ನಾ, ಇಲ್ವಾ ಅಂತ."

"ನಿನಗೆ ತಲೆ ಕೆಟ್ಟಿದೆ. ಇಷ್ಟು ವರ್ಷ ಅನ್ನ ಹಾಕಿದ ಮಂಡಳಿ..."

"ಅನ್ನ ತಿಂದೆ, ಚಪ್ಪಲಿ ಕಾದೆ. ಅದಕ್ಕೂ ಇದಕ್ಕೂ ಚುಕ್ತಾ ಆಯ್ತು. ಮೈಕು ಅಲ್ಲಿದೆ ನೋಡಿ."

ಅವನು ಬೀಗದ ಕೈಗೆ ಕೈ ಚಾಚಿದ. ನಾನು ಅಡ್ಡ ನಿಂತೆ. "ಮುಟ್ಟಿ ನೋಡಿ" ಅಂದೆ. ಬಾಯಲ್ಲಿ ಇನ್ನೂ ಏನೇನೋ ಬಂತು, ಬರೆಯುವಂಥದ್ದಲ್ಲ. ಎಲ್ಲರಿಗಿಂತ ದೊಡ್ಡ ದಾನಿ, ಊದಿದ ಪಾದಗಳ ಒಬ್ಬ ಮುದುಕ, ಯಾರದೋ ಶಾಲು ನೆಲಕ್ಕೆ ಹಾಸಿಕೊಂಡು ಅದರ ಮೇಲೆ ನಿಂತು ಕೇಳುತ್ತಿದ್ದ. "ಏನ್ ಮಾತು ಅದು? ಹೇಳಿ ಮುಗಿಸಪ್ಪ. ಕಾಲು ಸುಡ್ತಾ ಇದೆ ನಂದು" ಅಂದ. ಆ ಮುದುಕನ ಮಾತನ್ನು ಮೈಕಪ್ಪ ತೆಗೆದುಹಾಕುವ ಹಾಗಿರಲಿಲ್ಲ. ಜಗಲಿ ಹತ್ತಿದ. ಮೈಕು ತೆಗೆದುಕೊಂಡ. ಜೋಡಿಯಕ್ಕ ಸ್ಟೂಲಿನಿಂದ ಎದ್ದಳು. ಬೀದಿಯವರೆಲ್ಲ ಬಾಗಿಲಲ್ಲಿ, ಕಿಟಕಿಯಲ್ಲಿ ಮುಗಿಬಿದ್ದರು. ಕಟಿಂಗ್ ಶಾಪಿನವನೂ ಇದ್ದ.

"ಕೇಳ್ಬೇಕಾ ನಿಂಗೆ? ಕೇಳು ಹಾಗಾದ್ರೆ." ಅವನ ದನಿಯಲ್ಲಿ ಬೆಣ್ಣೆ ಇರಲಿಲ್ಲ. ಇವಳು ಅವನ ಮರ್ಯಾದೆ ತೆಗೆದಿದ್ದಳು, ಅದಕ್ಕೆ ಅವನೂ ಹಲ್ಲು ಕಚ್ಚಿ ನಿಂತಿದ್ದ. "ನಿನ್ನ ಗಂಡ ತಳ್ಳಲಿಲ್ಲ. ತಳ್ಳಿದ್ರೆ ಬದುಕ್ತಿದ್ದ. ಎಲ್ಲರೂ ಸಾಲಾಗಿ ಬರ್ಬೇಕು ಅಂತ ಹೇಳಿದ್ದು ನಾನು. ಹೌದು, ನಾನೇ. ಕಾಲು ತೊಳೀದೆ ಒಬ್ಬರನ್ನೂ ಬಿಡ್ಬೇಡ ಅಂತ ಅವನಿಗೆ ಹೇಳಿದ್ದೂ ನಾನೇ. ಅವನು ಮಾಡಿದ್ದೇನು ಗೊತ್ತಾ? ಸಾಲಿನ ಬಾಲದಲ್ಲಿ ಎರಡೂ ಕೈ ಚಾಚಿ ಅಡ್ಡ ನಿಂತ. ಕಟಿಂಗ್ ಶಾಪಿನ ಮುದುಕ ಕಾಲಿಗೆ ಬಿದ್ದ, ಬಿಡ್ಲಿಲ್ಲ. ಆ ಗಿರಣಿ ಹೆಂಗಸು ಕಿರುಚಿದ್ಲು, ಅವನ ಕೈ ಕಚ್ಚಿದ್ಲು. ಆಗ್ಲೂ ಬಿಡ್ಲಿಲ್ಲ. 'ಸಾಲು ಸಾಲು' ಅಂತಿದ್ದ. ಗೋಡೆ ಬಿತ್ತು. ಅದನ್ನ ಬರೆಯೋದು ಬೇಡ ಅಂತ ತಳ್ಳಿದ ಅಂತ ಬರೆದೆ. ಸಾಕಾ?"

ಮೈಕು ಕುಂಯ್ ಅಂದಿತು. ಕಲ್ಲಿನ ಮೇಲೆ ಕುಣಿಯುತ್ತಿದ್ದವರೂ ನಿಂತರು. ನನ್ನ ಕಿವಿಯಲ್ಲಿ ಮಾತ್ರ ಆ ಗಿರಣಿ ಹೆಂಗಸು, ಆ ಗಿರಣಿ ಹೆಂಗಸು ಅಂತಿತ್ತು.

ಬೀದಿಯವರೆಲ್ಲ ಜೋಡಿಯಕ್ಕನ ಮುಖ ನೋಡಿದರು. ಸುಳ್ಳು ಎಂದು ಒಂದು ಮಾತು ಅವಳು ಅಂದಿದ್ದರೆ ಸಾಕಿತ್ತು. ಆರು ವರ್ಷ ಸುಳ್ಳು ಹೇಳಿದವನನ್ನು ಆ ಕ್ಷಣದಲ್ಲಿ ಯಾರು ನಂಬುತ್ತಿದ್ದರು? ಕಟಿಂಗ್ ಶಾಪಿನವನೇ ಅವನ ಕೊರಳಪಟ್ಟಿ ಹಿಡಿಯುತ್ತಿದ್ದ. ನಾನೂ ಅದನ್ನೇ ಕಾಯುತ್ತಿದ್ದೆ. ಅನ್ನು ಅಕ್ಕ, ಸುಳ್ಳು ಬೊಗಳ್ತಿದಾನೆ ಅನ್ನು.

"ನಿಜ" ಅಂದಳು ಅವಳು. ಮೈಕಿಲ್ಲದೆಯೂ ಕೊನೆಯವರಿಗೆ ಕೇಳಿಸಿತು. "ನಮ್ಮೋನ ಮೈ ತೊಳೆಯೋವಾಗ ನೋಡಿದ್ದೆ ನಾನು. ಬಲಗೈ ಮೇಲೆ ಹಲ್ಲಿನ ಗುರುತಿತ್ತು."

ಬೀಗ ತೆಗೆದಳು. ಶಟರ್ ಎತ್ತಿದಳು. ಒಂದೊಂದಾಗಿ ಚಪ್ಪಲಿ ಎತ್ತಿಕೊಟ್ಟಳು, ಮುನ್ನೂರ ನಲವತ್ತರಲ್ಲಿ ಒಂದೂ ತಪ್ಪಲಿಲ್ಲ. ಊದಿದ ಪಾದದ ಮುದುಕ ತನ್ನದನ್ನು ಹಾಕಿಕೊಂಡು ಮೈಕಪ್ಪನ ಕಡೆ ತಿರುಗಿ, "ನಾಳೆಯಿಂದ ನೀನು ಈ ಕಡೆ ಬರ್ಬೇಡಪ್ಪ" ಅಂದ. ಮೈಕಪ್ಪನ ಕಾಲ ಮುಗಿಯಿತು. ಅವನೇ ಎಲ್ಲರ ಕೊನೆಗೆ ಚಪ್ಪಲಿಗೆ ಬಂದ, ಅವಳ ಕಣ್ಣು ನೋಡಲಿಲ್ಲ. ಕಟಿಂಗ್ ಶಾಪಿನವನು ತನ್ನದನ್ನು ತೆಗೆದುಕೊಂಡು ಅವಳ ಕಾಲ ಬುಡದಲ್ಲಿ ಉಗಿದು ಹೋದ. ಅವಳು ಒರೆಸಿದಳು.

ಸಂಜೆ ಮನೆಯಲ್ಲಿ ಅವಳು ಒಲೆ ಮುಂದೆ, ನಾನು ಗೋಡೆಗೊರಗಿ ಕೂತಿದ್ದೆವು. ನನಗೆ ತಡೆಯಲಾಗಲಿಲ್ಲ.

"ಗೊತ್ತಿತ್ತಾ ನಿಂಗೆ?"

"ಗುರುತು ನೋಡಿದ್ದೆ. ಯಾರ ಹಲ್ಲು ಅಂತ ಯೋಚ್ನೆ ಮಾಡ್ಲಿಲ್ಲ." ಒಲೆಗೆ ಸೌದೆ ಸರಿಸಿದಳು. "ಮಾಡ್ಬಾರ್ದು ಅಂತ ಮಾಡ್ಲಿಲ್ಲ ಅನ್ಸತ್ತೆ."

"ಆರು ವರ್ಷ ಎದುರಾ ಎದುರಾ ಕೂತು ಉಂಡ್ವಿ."

"ಹೂಂ."

"ಸುಳ್ಳು ಅನ್ಬಹುದಿತ್ತಲ್ಲ! ಒಂದು ಮಾತು! ನಿನ್ನ ಗಂಡನ ಹೆಸರೂ ಉಳೀತಿತ್ತು, ನಾನೂ..."

"ಅವನ ಬಾಯಿಂದ ನಿಜ ಬರ್ಲಿ ಅಂತ ಆರು ವರ್ಷ ಕಾದಿದೀನಿ ಕಣೇ. ಬಂದ ದಿನ ನಾನು ಸುಳ್ಳು ಅನ್ಲಾ?"

ಎರಡು ತಟ್ಟೆ ಇಟ್ಟಳು. ಬಡಿಸಿದಳು. ನನ್ನ ತಟ್ಟೆಯನ್ನು ನನ್ನ ಕಡೆ ಸರಿಸಿದಳು. ನನಗೆ ಹಸಿವಾಗಿತ್ತು, ಬೆಳಿಗ್ಗೆಯಿಂದ ಟೀ ಬಿಟ್ಟರೆ ಏನೂ ಇರಲಿಲ್ಲ. ಆದರೂ ತಟ್ಟೆಯನ್ನು ಹಿಂದಕ್ಕೆ ಸರಿಸಿದೆ.

"ಇವತ್ತು ಬೇಡ" ಅಂದೆ.

"ನಾಳೆ?"

"ನಾಳೆ ಕೇಳು."

ಮರುದಿನ ಕೇಳಿದಳು. ಬೇಡ ಅಂದೆ. ಈಗಲೂ ಅವಳ ಮನೆಯಲ್ಲೇ ಇದ್ದೇನೆ, ಅವಳ ಚಾಪೆಯ ಪಕ್ಕದಲ್ಲೇ ಮಲಗುತ್ತೇನೆ, ಜ್ವರ ಬಂದಾಗ ಅವಳ ಹಣೆ ಒತ್ತುತ್ತೇನೆ. ಊಟ ಮಾತ್ರ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮಾಡಿ ಬರುತ್ತೇನೆ. ಅವಳು ದಿನಾ ಸಂಜೆ ಎರಡು ತಟ್ಟೆ ಇಟ್ಟು ಕೇಳುತ್ತಾಳೆ, ಒಂದು ದಿನವೂ ತಪ್ಪಿಸಿಲ್ಲ. ನಾನು ದಿನಾ ಬೇಡ ಅನ್ನುತ್ತೇನೆ. ಹಗೆ ಕಾಯುವುದನ್ನು ನನಗೆ ಕಲಿಸಿದವಳು ಅವಳೇ. ಅವಳಿಗೆ ಆರು ವರ್ಷ ಬೇಕಾಯಿತು. ನನ್ನದು ಶುರುವಾಗಿ ಇನ್ನೂ ಎರಡೇ ತಿಂಗಳು.